ಪಣ

ಸಂಸ್ಕೃತದ ‘ಪಣ್’ ಧಾತುವಿಗೆ ವ್ಯಾಪಾರ ಮಾಡು, ಬಾಜಿ ಕಟ್ಟು ಎಂಬ ಎರಡೂ ಅರ್ಥಗಳುಂಟು. ಅದರಿಂದ ಬಂದ ‘ಪಣ’ ಜೂಜಿನಲ್ಲಿ ಒಡ್ಡುವ ವಸ್ತುವೂ ಹೌದು, ಕೌಟಿಲ್ಯನ ಅರ್ಥಶಾಸ್ತ್ರದ ನಾಣ್ಯವೂ ಹೌದು. ಹಳಗನ್ನಡದ ಪಕಾರ ಹಕಾರವಾದಾಗ (‘ಪೂ’ ಹೂವಾದಂತೆ) ನಾಣ್ಯ ‘ಹಣ’ವಾಯಿತು, ಜೂಜಿನದು ಪಣವಾಗಿಯೇ ಉಳಿಯಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–59) ಟಂಕಿಸಿದ ಪುಟ್ಟ ಚಿನ್ನದ ನಾಣ್ಯಕ್ಕೆ ಕಂಠೀರಾಯ ಹಣವೆಂದೇ ಹೆಸರು. ‘ಪಣ ತೊಟ್ಟ’ ಎಂದರೆ ಶಪಥ ಮಾಡಿದ.

ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಆಟದ ಎಲೆಗಳಿಗೆ ಹೊಸ ಹೊಸ ಆಟ ಕಟ್ಟಿದ ಊರು ಮೈಸೂರು. ಈಗ ಪೋಕರ್ ಹೆಸರೂ ಇಲ್ಲಿ ಹೊಸದಲ್ಲ. ಅದರ ಕೊನೆಯ ಸುತ್ತಿನಲ್ಲಿ ಎದುರಾಳಿ ದೊಡ್ಡ ಪಣ ಒಡ್ಡಿದಾಗ ಪೌರುಷಕ್ಕಿಂತ ಆ ಹಳೆಯ ವ್ಯಾಪಾರದ ಅರ್ಥವೇ ಕೆಲಸಕ್ಕೆ ಬರುತ್ತದೆ. ನಡುವೆ 1000 ರೂಪಾಯಿ ಇದೆ, ಅವನು ಇನ್ನೊಂದು 1000 ಇಟ್ಟ ಎನ್ನಿ. ನಾವು 1000 ಕೊಟ್ಟು 2000ಕ್ಕೆ ಕೈಚಾಚುತ್ತೇವೆ. ಮೂರರಲ್ಲಿ ಒಂದು ಸಲವಾದರೂ ಗೆಲ್ಲುವಂತಿಲ್ಲದಿದ್ದರೆ ಎಲೆ ಕೆಳಗಿಡುವುದೇ ಲೇಸು. ಆಗಲೇ ಹಾಕಿದ ದುಡ್ಡು ನಮ್ಮದಲ್ಲ. (ಧರ್ಮರಾಯ ಮರೆತದ್ದು ಇದನ್ನೇ.)

ಅಂದಹಾಗೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.