ಮೈಕ್ರೊಕಂಟ್ರೋಲರಿನಿಂದ ಅನಲಾಗ್ ಸಂಕೇತದ ಡಿಮಾಡ್ಯುಲೇಷನ್

ಪ್ರೇಷಕ ನಿಲಯದಲ್ಲಿ ವಾಹಕ ತರಂಗದ ಮೇಲೆ ಆರೋಪಿತವಾದ ಧ್ವನಿಯನ್ನು ಗ್ರಾಹಕದಲ್ಲಿ ಮರಳಿ ಬೇರ್ಪಡಿಸುವ ಕ್ರಿಯೆಗೆ ಡಿಮಾಡ್ಯುಲೇಷನ್ ಎಂದು ಹೆಸರು. ಸ್ಫಟಿಕ, ವಾಲ್ವ್, ಡಯೋಡ್ ಇವುಗಳಿಂದ ಕ್ರಮವಾಗಿ ನೆರವೇರುತ್ತ ಬಂದ ಈ ಕಾರ್ಯವನ್ನು, ಪ್ರೊಸೆಸರ್, ಸ್ಮೃತಿ ಮತ್ತು ಅನಲಾಗ್-ಡಿಜಿಟಲ್ ಪರಿವರ್ತಕಗಳನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿಕೊಂಡಿರುವ ಮೈಕ್ರೊಕಂಟ್ರೋಲರ್ ಅಂಕಗಣಿತದ ಬಲದಿಂದಲೇ ಸಾಧಿಸಬಲ್ಲುದು. ಮುಂಬಯಿಯ ಮಧ್ಯಮ ತರಂಗ ಪ್ರಸಾರವು ಈ ತತ್ತ್ವಕ್ಕೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಹಿನ್ನೆಲೆ: ಜಗದೀಶಚಂದ್ರ ಬೋಸರು ಗೆಲೀನಾ ಸ್ಫಟಿಕದ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಮುಂಬಯಿಯಲ್ಲಿ 1923ರ ಜೂನಿನಲ್ಲಿ ರೇಡಿಯೋ ಕ್ಲಬ್ಬಿನ ಪ್ರಸಾರವು ಮೊದಲಾಗಿ, 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದನು. ಮುಂದೆ ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ರಾಷ್ಟ್ರದ ಪ್ರಸಾರ ಸಂಸ್ಥೆಗೂ ಸಂದಿತು. ಮಲಾಡ್ ಉಪನಗರದ ಪ್ರೇಷಕ ಕೇಂದ್ರದೊಡನೆ ಸಂಬಂಧವುಳ್ಳ ಮುಂಬಯಿ ಆಕಾಶವಾಣಿಗೆ 558, 1044 ಮತ್ತು 1188 ಕಿಲೋಹರ್ಟ್ಸ್ ಎಂಬ ಮೂರು ಮಧ್ಯಮ ತರಂಗ ಆವೃತ್ತಿಗಳು ನಿಯತವಾಗಿವೆ.

ಡಯೋಡಿನ ಮಾರ್ಗ: ಪಾರ ಮಾಡ್ಯುಲೇಷನ್ನಿನಲ್ಲಿ ತರಂಗದ ಪಾರ, ಎಂದರೆ ಅದರ ಏರಿಳಿತದ ಎತ್ತರ, ಧ್ವನಿಯನ್ನು ಅನುಸರಿಸಿ ಹೆಚ್ಚು ಕಡಮೆಯಾಗುತ್ತದೆ. ತರಂಗದ ಅರ್ಧಭಾಗವನ್ನು ಡಯೋಡ್ ತಡೆಯಲು, ಉಳಿದ ಶಿಖರಗಳನ್ನು ಕಂಡೆನ್ಸರ್ ಜೋಡಿಸಿ ಧ್ವನಿಯ ಆಕಾರವನ್ನು ಉಳಿಸುತ್ತದೆ. 10 ಕಿಲೋಓಮ್ ರೋಧಕ ಮತ್ತು 2.2 ನ್ಯಾನೊಫ್ಯಾರಡ್ ಕಂಡೆನ್ಸರುಗಳ ಕಾಲಾಂಕವಾದ 22 ಮೈಕ್ರೊಸೆಕೆಂಡು, ವಾಹಕದ ಒಂದು ಆವರ್ತಕ್ಕಿಂತ ಬಹಳ ದೀರ್ಘವೂ ಧ್ವನಿಯ ಒಂದು ಆವರ್ತಕ್ಕಿಂತ ಬಹಳ ಹ್ರಸ್ವವೂ ಆಗಿರುವುದರಿಂದ ಈ ಕೆಲಸಕ್ಕೆ ಒಪ್ಪುತ್ತದೆ. ಆರ್ಡುಯಿನೊ ಊನೊ ಎಂಬ ಮೈಕ್ರೊಕಂಟ್ರೋಲರ್ ಫಲಕದ ಎಟಿಮೆಗಾ 328ಪಿ ಚಿಪ್ಪು ತನ್ನ 10 ಬಿಟ್ಟುಗಳ ಪೂರ್ಣ ನಿಖರತೆಯಲ್ಲಿ ಸೆಕೆಂಡಿಗೆ ಸುಮಾರು 15,000 ಮಾದರಿಗಳನ್ನಷ್ಟೇ, ಎಂದರೆ ಆಯಾ ಕ್ಷಣದ ವೋಲ್ಟೇಜಿನ ಅಳತೆಗಳನ್ನಷ್ಟೇ, ತೆಗೆಯಬಲ್ಲುದಾದ ಕಾರಣ, ಡಯೋಡಿನಿಂದ ಹೊರಬಂದ ಧ್ವನಿಯನ್ನು ಓದುವುದೇ ಅದಕ್ಕೆ ಸಾಧ್ಯವಾದ ಮಾರ್ಗ.

ಅಂಕಗಣಿತದ ಮಾರ್ಗ: ವಾಹಕವನ್ನು ನೇರವಾಗಿ ಓದಬೇಕಾದರೆ ಅದರ ಆವೃತ್ತಿಯ ಇಮ್ಮಡಿಗಿಂತ ಹೆಚ್ಚಿನ ವೇಗದಲ್ಲಿ ಮಾದರಿಗಳನ್ನು ತೆಗೆಯಬೇಕೆಂದು ಮೇಲ್ನೋಟಕ್ಕೆ ತೋರುವುದುಂಟು. ಆದರೆ ಭಾರತದ ಮಧ್ಯಮ ತರಂಗದಲ್ಲಿ ಆವೃತ್ತಿಗಳ ನಡುವಣ ಅಂತರ ಕೇವಲ 9 ಕಿಲೋಹರ್ಟ್ಸ್. ಮಾದರಿಯ ವೇಗವನ್ನು ನಿರ್ಣಯಿಸುವುದು ಈ ಕಿರಿದಾದ ಪಟ್ಟಿಯ ವಿಸ್ತಾರವೇ ಹೊರತು ವಾಹಕದ ಆವೃತ್ತಿಯಲ್ಲ. ಸೆಕೆಂಡಿಗೆ 5 ಲಕ್ಷ ಮಾದರಿಗಳವರೆಗೆ ಏರಬಲ್ಲ, 12 ಬಿಟ್ಟಿನ ಪರಿವರ್ತಕವುಳ್ಳ ಆರ್‌ಪಿ 2040ರಂಥ ಚಿಪ್ಪನ್ನು 4,46,400 ಮಾದರಿಗಳ ವೇಗದಲ್ಲಿ ನಡೆಸಿದರೆ, ಎರಡು ಮಾದರಿಗಳ ನಡುವೆ 558 ಕಿಲೋಹರ್ಟ್ಸಿನ ವಾಹಕವು ಸರಿಯಾಗಿ ಒಂದೂಕಾಲು ಆವರ್ತವನ್ನು ಮುಗಿಸಿರುತ್ತದೆ. ಚಲಚ್ಚಿತ್ರದಲ್ಲಿ ವೇಗವಾಗಿ ಓಡುವ ಗಾಡಿಯ ಚಕ್ರವು ನಿಧಾನವಾಗಿ ತಿರುಗುವಂತೆ ಕಾಣುವ ರೀತಿಯಲ್ಲಿಯೇ, ಚಿಪ್ಪಿನ ದೃಷ್ಟಿಗೆ ವಾಹಕವು ಮಾದರಿಗೊಮ್ಮೆ ಕಾಲು ಸುತ್ತು ಮಾತ್ರ ತಿರುಗುತ್ತ, 111.6 ಕಿಲೋಹರ್ಟ್ಸಿನ ತರಂಗವಾಗಿ ತೋರುತ್ತದೆ.

ಕಾಲು ಸುತ್ತಿನ ಈ ಏರ್ಪಾಡಿನಲ್ಲಿ ವಾಹಕದ ಘಟಕಗಳನ್ನು ಬೇರ್ಪಡಿಸಲು ಗುಣಾಕಾರದ ಶ್ರಮವೇ ಇಲ್ಲ. ಒಂದನೆಯ ಮತ್ತು ಮೂರನೆಯ ಮಾದರಿಗಳು ಒಂದು ಘಟಕವನ್ನೂ, ಎರಡನೆಯ ಮತ್ತು ನಾಲ್ಕನೆಯವು ಅದಕ್ಕೆ ಲಂಬವಾದ ಇನ್ನೊಂದನ್ನೂ ಕೊಡುವುದರಿಂದ, ಮೂರನೆಯದರ ಮತ್ತು ನಾಲ್ಕನೆಯದರ ಚಿಹ್ನೆಯನ್ನು ಬದಲಿಸಿ ಆಯಾ ಘಟಕಕ್ಕೆ ಕೂಡಿಸಿದರೆ ಸಾಕು. ಹೀಗೆ 40 ಮಾದರಿಗಳನ್ನು ಸೋಸಿ ಒಂದಾಗಿಸಿದಾಗ ಸೆಕೆಂಡಿಗೆ 11,160 ಬೆಲೆಗಳು ಉಳಿಯುತ್ತವೆ. ಎರಡು ಘಟಕಗಳ ವರ್ಗಗಳ ಮೊತ್ತದ ವರ್ಗಮೂಲವೇ ಪಾರ, ಆ ಪಾರದ ಏರಿಳಿತವೇ ಧ್ವನಿ. ವರ್ಗಮೂಲದ ಬದಲಿಗೆ ದೊಡ್ಡ ಘಟಕಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸುವ ಸುಲಭೋಪಾಯವೂ ಉಂಟು. ಆದರೆ ಅದರಲ್ಲಿ ಶೇ. 12ರ ಸಮೀಪದವರೆಗೆ ದೋಷ ಸಂಭವಿಸುವುದಲ್ಲದೆ, ಚಿಪ್ಪಿನ ಗಡಿಯಾರವು ನಿಲಯದ ಗಡಿಯಾರದೊಡನೆ ಎಂದೂ ಪೂರ್ಣವಾಗಿ ಹೊಂದದ ಕಾರಣ ಆ ದೋಷವು ಧ್ವನಿಯಲ್ಲಿ ನಿಧಾನವಾದ ಉಬ್ಬರವಿಳಿತವಾಗಿ ಕೇಳಿಬರುತ್ತದೆ.

ಮಿತಿಗಳು: ಇದೇ ಮಾದರಿವೇಗದಲ್ಲಿ 1044 ಮತ್ತು 1188 ಕಿಲೋಹರ್ಟ್ಸಿನ ಪ್ರಸಾರಗಳೆರಡೂ ಮಡಿಚಿಕೊಂಡು 151.2 ಕಿಲೋಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅವನ್ನು ಆಮೇಲೆ ಯಾವ ಗಣಿತವೂ ಬೇರ್ಪಡಿಸಲಾರದು. ಆದುದರಿಂದ ಫೆರೈಟ್ ಕಡ್ಡಿಯ ಸುರುಳಿ ಮತ್ತು ಗ್ಯಾಂಗ್ ಕಂಡೆನ್ಸರುಗಳಿಂದಾದ, ಬೇಕಾದ ಆವೃತ್ತಿಯನ್ನಷ್ಟೇ ಆರಿಸುವ ಶ್ರುತಿಮಂಡಲವು ಪರಿವರ್ತಕದ ಮುಂದೆ ಇರಲೇಬೇಕು. ಪರಿವರ್ತಕವು ಋಣ ವೋಲ್ಟೇಜನ್ನು ಓದದಿರುವುದರಿಂದ, 3.3 ವೋಲ್ಟಿನ ಚಿಪ್ಪಿನಲ್ಲಿ ಸಂಕೇತವನ್ನು 1.65 ವೋಲ್ಟಿನ ಮಟ್ಟಕ್ಕೆ ಎತ್ತಿ ಕೊಡಬೇಕು. ವರ್ಧಕವಿಲ್ಲದೆ ದೂರದ ಕ್ಷೀಣ ಸಂಕೇತವು ದೊರೆಯದು. ಪ್ರೇಷಕದ ಸಮೀಪದಲ್ಲಿ ಅದೇ ವರ್ಧಕವು ಪರಿವರ್ತಕದ ಮಿತಿಯನ್ನು ಮೀರಿಸೀತು. ಮುಂಬಯಿಯ ಲೋಕಲ್ ರೈಲುಗಳ ತಂತಿಯ ಕಿಡಿಗಳೂ ಪಾರವನ್ನೇ ಕದಡುತ್ತವೆ. ಮುಂಬಯಿ ಆಕಾಶವಾಣಿಯ 100.7 ಮತ್ತು 107.1 ಮೆಗಾಹರ್ಟ್ಸಿನ ಎಫ್.ಎಂ. ಪ್ರಸಾರಗಳನ್ನು ಟ್ಯೂನರಿನಿಂದ ಕೆಳಗಿನ ಆವೃತ್ತಿಗೆ ಇಳಿಸಿದ ಹೊರತು ಇಂಥ ಚಿಪ್ಪು ಓದಲಾರದು.

ಪ್ರಯೋಜನ: ಈ ಪ್ರಯೋಗಕ್ಕೆ ಬೇಕಾದ ಫಲಕ, ಸುರುಳಿ, ಕಂಡೆನ್ಸರುಗಳು ಮುಂಬಯಿಯ ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರಕುವಂಥವು. ಡಯೋಡ್ ತನ್ನ ಸ್ವಭಾವದಿಂದ ಮಾಡಿ ಮುಗಿಸುವುದನ್ನು ಮೈಕ್ರೊಕಂಟ್ರೋಲರ್ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುವುದರಿಂದ, ಕಲಿಯುವವರಿಗೆ ಇದರಷ್ಟು ಉಪಕಾರಿಯಾದ ಪ್ರಯೋಗ ವಿರಳ. ಉಪಕರಣಕ್ಕೆ ಕೈಹಾಕುವ ಮೊದಲು, ಒಂದೂಕಾಲು ಆವರ್ತದ ಲೆಕ್ಕವನ್ನು ವಿದ್ಯಾರ್ಥಿಯು ಕಾಗದದ ಮೇಲೆ ಒಮ್ಮೆ ತಾನೇ ಬಿಡಿಸಿ ನೋಡುವುದು ಶ್ರೇಯಸ್ಕರ.