ನೀರಿನ ಲೆಕ್ಕ ಕೇಳುವವರು ಯಾರು? – ನೀರುಗಂಟಿಯಿಂದ ನಲ್ಲಿಯವರೆಗೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಹಾಲಿನ ಮಾತು ಬೇಕಾದಷ್ಟಿದೆ. ನಾವು ಇಲ್ಲಿ ನೀರಿನ ಮಾತು ಆಡಲು ಹೊರಟಿದ್ದೇವೆ. ಹಾಲಿನ ಸಂಘದ ಪುಸ್ತಕದಲ್ಲಿ ನೀರಿನ ವಿಷಯ ಬಂತು ಅಂದ ಕೂಡಲೇ ಕೆಲವರು ಮುಸಿಮುಸಿ ನಗಬಹುದು. ನಗಲಿ, ಚಿಂತೆಯಿಲ್ಲ. ಆದರೆ ಒಂದು ಮಾತು ಯೋಚಿಸಬೇಕು. ಹಾಲಿಗೆ ನೀರು ಸೇರಿದರೆ ಹೇಳೋದಕ್ಕೆ ಲ್ಯಾಕ್ಟೋಮೀಟರ್ ಇದೆ, ಪಾಸ್‌ಬುಕ್ ಇದೆ, ಕಾರ್ಯದರ್ಶಿ ಇದ್ದಾರೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇದೆ. ಕುಡಿಯುವ ನೀರಿಗೆ ಏನಾದರೂ ಸೇರಿದರೆ, ಅಥವಾ ನೀರೇ ಬಾರದಿದ್ದರೆ, ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ಆ ಚರಿತ್ರೆಯನ್ನು ನಮಗೆ ತಿಳಿದಷ್ಟು ಸದಸ್ಯ ಬಂಧುಗಳ ಮುಂದಿಡುತ್ತೇವೆ.

ಕೆರೆ ಕಾಲದ ವ್ಯವಸ್ಥೆ

ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಕೆರೆಯ ತೂಬು ಎತ್ತುವವನು, ಇಳಿಸುವವನು ನೀರುಗಂಟಿ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಬಹಳ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತಲೆಗದ್ದೆಗೆ ಮೊದಲೋ ಬಾಲದ ಗದ್ದೆಗೆ ಮೊದಲೋ ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಕಣದ ಹತ್ತಿರ ಅವನ ಪಾಲಿನ ಭತ್ತವನ್ನೋ ರಾಗಿಯನ್ನೋ ಅಳೆದು ಕೊಡುತ್ತಿದ್ದರು. ನೀರು ಬಿಡುವವನು ಊರಿನವನೇ, ಕೂಲಿ ಕೊಡುವವರು ಊರಿನವರೇ, ತಪ್ಪಾದರೆ ಕೇಳುವವರೂ ಊರಿನವರೇ. ಕೇಳೋದಕ್ಕೆ ತಾಲ್ಲೂಕು ಕಚೇರಿಗೆ ಬಸ್ಸು ಹತ್ತಬೇಕಾಗಿರಲಿಲ್ಲ.

ಹಾಗೆಂದು ಹಳೆಯದೆಲ್ಲಾ ಚಿನ್ನ ಅಂತ ನಾವು ಹೇಳುತ್ತಿಲ್ಲ. ಗದ್ದೆಗೆಲ್ಲ ನೀರು ಹರಿಸಿದ ನೀರುಗಂಟಿಯ ಮನೆಯವರಿಗೇ ಊರೊಳಗಿನ ಸೇದುವ ಬಾವಿಯ ಹಗ್ಗ ಮುಟ್ಟಲು ಬಿಡದಿದ್ದ ಕಾಲ ಅದು. ಲೆಕ್ಕ ಕೇಳುವ ಹಕ್ಕು ಊರಿನಲ್ಲಿ ಇತ್ತು, ಆದರೆ ಊರಿನ ಎಲ್ಲರಿಗೂ ಇರಲಿಲ್ಲ. ಮುಂದಿನ ಚರಿತ್ರೆ ಓದುವಾಗ ಇದನ್ನೂ ನೆನಪಿನಲ್ಲಿಡಬೇಕು.

ಬೆಂಗಳೂರಿನ ಕಥೆ

ನಲ್ಲಿ ನೀರಿನ ಚರಿತ್ರೆಯನ್ನು ಬೆಂಗಳೂರಿನಲ್ಲಿ ಚೆನ್ನಾಗಿ ನೋಡಬಹುದು. 1862ರಲ್ಲಿ ಅಲ್ಲಿ ಎರಡು ಪುರಸಭೆಗಳು ಹುಟ್ಟಿದವು. ಪೇಟೆಗೆ ಒಂದು, ದಂಡಿಗೆ ಅಂದರೆ ಕಂಟೋನ್ಮೆಂಟಿಗೆ ಇನ್ನೊಂದು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳೂ ಬಾವಿಗಳೂ ಆಗ ಊರಿಗೆ ಆಧಾರ. 1876ರಿಂದ 78ರವರೆಗಿನ ದೊಡ್ಡ ಬರ, ನಮ್ಮ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದ ಬರ, ಮೈಸೂರು ಸೀಮೆಯನ್ನೇ ಅಲ್ಲಾಡಿಸಿತು. ಊರೊಳಗಿನ ಕೆರೆ ನಂಬಿ ಪಟ್ಟಣ ಬದುಕಲಾರದು ಎಂಬುದು ಕ್ರಮೇಣ ಎಲ್ಲರಿಗೂ ಗೊತ್ತಾಯಿತು.

ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಕೆಲಸ ನಡೆದು, 1896ರಲ್ಲಿ ಕೊಳಾಯಿ ನೀರು ಬೆಂಗಳೂರಿಗೆ ಬಂತು. ಸೋಲದೇವನಹಳ್ಳಿಯಲ್ಲಿ ಹಬೆ ಯಂತ್ರದಿಂದ ನೀರೆತ್ತುತ್ತಿದ್ದರು. ಮಳೆ ಕೈಕೊಟ್ಟು 1920ರ ದಶಕದಲ್ಲಿ ಹೆಸರಘಟ್ಟ ಸಾಲದಾದಾಗ, ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. 1933ರಲ್ಲಿ ಅಲ್ಲಿನ ನೀರು ಬಂತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

1964ರಲ್ಲಿ ದೊಡ್ಡ ಬದಲಾವಣೆ. ಒಂದು ಪ್ರತ್ಯೇಕ ಕಾಯಿದೆ ಮಾಡಿ, ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ನೀರಿನ ಕೆಲಸವನ್ನೆಲ್ಲ ವಹಿಸಿದರು. ಇದಕ್ಕೆ ಕಾರಣ ಇಲ್ಲದಿರಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುವುದು ಯಾವ ಕಾರ್ಪೊರೇಷನ್ ಕೈಯಲ್ಲೂ ಆಗುವ ಕೆಲಸವಲ್ಲ. ಅದಕ್ಕೆ ಇಂಜಿನಿಯರುಗಳು ಬೇಕು, ಸಾಲ ಬೇಕು, ಸರ್ಕಾರದ ಬೆಂಬಲ ಬೇಕು. ಮಂಡಳಿ ಆ ಕೆಲಸ ಮಾಡಿ ತೋರಿಸಿತು. ಕಾವೇರಿ ಮೊದಲನೇ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ, ಮೂರನೆಯದು 1993ರಲ್ಲಿ, ನಾಲ್ಕನೆಯದರ ಎರಡು ಭಾಗಗಳು 2002ರಲ್ಲಿ ಮತ್ತು 2012ರಲ್ಲಿ ಬಂದವು. ಇಷ್ಟು ದೂರದ ನೀರನ್ನು ಇಷ್ಟು ಮೇಲಕ್ಕೆ ತಂದದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ನಗರದವರು ವೋಟು ಹಾಕಿ ಆರಿಸುವ ಕೌನ್ಸಿಲರಿಗೆ ರಸ್ತೆ, ಕಸ, ದೀಪ ಉಳಿಯಿತು. ನೀರು ಮಾತ್ರ ಸರ್ಕಾರ ನೇಮಿಸುವ ಅಧಿಕಾರಿ ಅಧ್ಯಕ್ಷರಾಗಿರುವ ಮಂಡಳಿಗೆ ಹೋಯಿತು. ನಲ್ಲಿ ಒಣಗಿದಾಗ ಜನ ಹೋಗುತ್ತಿದ್ದದ್ದು ಕೌನ್ಸಿಲರ್ ಮನೆ ಬಾಗಿಲಿಗೆ. ಕೌನ್ಸಿಲರು ಮಂಡಳಿಗೆ ಫೋನ್ ಮಾಡಬೇಕು. ಪೈಪಿಗೆಂದು ಮಂಡಳಿ ರಸ್ತೆ ಅಗೆದರೆ ಪಾಲಿಕೆ ಮುಚ್ಚಬೇಕು, ಪಾಲಿಕೆ ಟಾರು ಹಾಕಿದ ಮರುವಾರವೇ ಮಂಡಳಿ ಅಗೆಯಬೇಕು. ಇದನ್ನು ನೋಡದ ಬೆಂಗಳೂರಿಗನಿಲ್ಲ.

ನೂರಾಹತ್ತು ಹಳ್ಳಿಗಳು

ನಮ್ಮಂಥ ಹಳ್ಳಿಯವರು ಮನಸ್ಸಿಟ್ಟು ಓದಬೇಕಾದ ಅಧ್ಯಾಯ ಇಲ್ಲಿಂದ ಶುರುವಾಗುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸಿದರು. ಹಳ್ಳಿಗಳು ಹೆಸರಿಗೆ ನಗರವಾದವು. ಪಂಚಾಯತಿ ಆಫೀಸು ಹೋಯಿತು, ಗ್ರಾಮಸಭೆ ಹೋಯಿತು, ತೆರಿಗೆ ನಗರದ ತೆರಿಗೆ ಆಯಿತು. ಕಾವೇರಿ ನೀರು ಮಾತ್ರ ಬರಲಿಲ್ಲ. ಈ ಹಳ್ಳಿಗಳಿಗೆಂದೇ ಕೈಗೊಂಡ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ ತಿಂಗಳಲ್ಲಿ. ನಡುವೆ ಹದಿನೇಳು ವರ್ಷ. ಅಲ್ಲಿಯವರೆಗೆ ಬಹುಪಾಲು ಜನ ಬೋರ್ ಮತ್ತು ಟ್ಯಾಂಕರ್ ನಂಬಿದರು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿದಾಗ ಹೊರವಲಯದ ಬಡಾವಣೆಗಳು ಪಟ್ಟ ಪಾಡನ್ನು ನಾವೆಲ್ಲಾ ಟಿವಿಯಲ್ಲಿ ನೋಡಿದ್ದೇವೆ.

ಆ ಹೊತ್ತಿಗೆ ಕೇಳುವ ಬಾಯಿಯೂ ಇರಲಿಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಗರ ಇತ್ತು. 2025ರಲ್ಲಿ ಆ ಪಾಲಿಕೆಯನ್ನೇ ತೆಗೆದು ಐದು ಪಾಲಿಕೆಗಳನ್ನು ಮಾಡಲಾಯಿತು. ಹಳ್ಳಿ ಇದ್ದಾಗ ಪಂಚಾಯತಿ ಅಧ್ಯಕ್ಷರನ್ನು ಅರಳಿಕಟ್ಟೆ ಹತ್ತಿರ ನಿಲ್ಲಿಸಿಕೊಂಡು ‘ಏನಪ್ಪಾ ನೀರು?’ ಅಂತ ಕೇಳಬಹುದಿತ್ತು. ನಗರವಾದ ಮೇಲೆ ಕೇಳಲು ಹೋಗುವ ದಾರಿಯೇ ತಪ್ಪಿಹೋಯಿತು.

ಉಳಿದ ಪಟ್ಟಣಗಳು

ಬೆಂಗಳೂರು ಬಿಟ್ಟು ಉಳಿದ ಪಟ್ಟಣಗಳಲ್ಲಿ ಏರ್ಪಾಡು ಬೇರೆ. 1964ರ ಪುರಸಭೆಗಳ ಕಾಯಿದೆಯಲ್ಲಿ ನೀರು ಕೊಡುವುದು ಪುರಸಭೆಯ ಕರ್ತವ್ಯ. ಆದರೆ ದೊಡ್ಡ ಕಾಮಗಾರಿ ಮಾಡುವ ಶಕ್ತಿ ಪುರಸಭೆಗಳಿಗೆ ಇಲ್ಲದ್ದರಿಂದ 1973ರ ಕಾಯಿದೆಯಂತೆ 1975ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. ಮಂಡಳಿ ಕಟ್ಟುವುದು, ಪುರಸಭೆ ನಡೆಸುವುದು ಸಾಮಾನ್ಯ ಕ್ರಮ. ಕೆಲವು ಕಡೆ ಮಂಡಳಿಯೇ ನಡೆಸಿದ್ದೂ ಉಂಟು. ಒಬ್ಬರು ಕಟ್ಟಿ ಇನ್ನೊಬ್ಬರಿಗೆ ಒಪ್ಪಿಸುವ ಈ ಹೊತ್ತೇ ಬಹಳ ನಾಜೂಕಿನದು. ಕಟ್ಟಿದವರು ಬಿಲ್ಲು ಪಡೆದು ಹೋಗುತ್ತಾರೆ. ಒಪ್ಪಿಕೊಂಡವರ ಹತ್ತಿರ ಪೈಪಿನ ನಕ್ಷೆ, ಕರೆಂಟು ಬಿಲ್ಲಿಗೆ ದುಡ್ಡು, ತಿಳಿದ ಆಪರೇಟರ್ ಈ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ಯೋಜನೆ ಕುಂಟುತ್ತದೆ.

ಚೆನ್ನಾಗಿ ನಡೆದ ಉದಾಹರಣೆಯೂ ಇದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಐದು ವಲಯಗಳಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಕೆಲಸ ಮಾಡಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರುವಂತೆ ಮಾಡಿದರು. ಒಂದು ಖಾಸಗಿ ಕಂಪನಿಗೆ ಕರಾರು ಮಾಡಿ ವಹಿಸಿದ್ದರು. ಪೈಪು ಹೊಸದು, ಮನೆಮನೆಗೆ ಮೀಟರು, ಸೋರಿಕೆಗೆ ಲೆಕ್ಕ. ಖಾಸಗಿಯವರಿಗೆ ಕೊಟ್ಟದ್ದು ಸರಿಯೇ ಎಂದು ಆಗ ಜಗಳವೂ ಆಯಿತು. ಆ ಜಗಳ ಏನೇ ಇರಲಿ, ಅಳೆದು ಕೊಟ್ಟಲ್ಲಿ ನೀರು ನಿಂತಿತು ಎಂಬುದು ಕಣ್ಣಿಗೆ ಕಂಡ ವಿಷಯ. ಆದರೆ ಇದು ಆ ಊರುಗಳ ಸುಮಾರು ಹತ್ತರಲ್ಲೊಂದು ಪಾಲು ಜನಕ್ಕೆ ಮಾತ್ರ. ಪಕ್ಕದ ಬೀದಿಯವರು ಹಲವು ವರ್ಷ, ದಿನಗಟ್ಟಲೆ ಕಾದು ನೀರು ಹಿಡಿಯುತ್ತಲೇ ಇದ್ದರು.

ಕೆಟ್ಟ ಉದಾಹರಣೆ ರಾಯಚೂರಿನದು. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವಿನ ಜಿಲ್ಲೆ ಅದು. 2022ರ ಮೇ-ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು. ಶುದ್ಧೀಕರಣ ಘಟಕವನ್ನು ನೋಡಿಕೊಂಡ ರೀತಿಯ ಬಗ್ಗೆ ಆಮೇಲೆ ವಿಚಾರಣೆ ನಡೆಯಿತು. ಮರುವರ್ಷ, 2023ರ ಆಗಸ್ಟಿನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಕಲುಷಿತ ನೀರಿನಿಂದ ಸಾವು ಸಂಭವಿಸಿತು. ನದಿ ಹತ್ತಿರ ಇದ್ದರೆ ಸಾಲದು, ಘಟಕ ಇದ್ದರೂ ಸಾಲದು. ಘಟಕವನ್ನು ತೊಳೆದರೋ ಇಲ್ಲವೋ ಅಂತ ತಿಂಗಳಿಗೊಮ್ಮೆ ಹೋಗಿ ನೋಡುವ ಕಣ್ಣು ಬೇಕು. ಜೀವ ಹೋದ ಮೇಲೆ ನಡೆಯುವ ವಿಚಾರಣೆ ಮೇಲ್ವಿಚಾರಣೆ ಆಗುವುದಿಲ್ಲ.

ಹಳ್ಳಿಗೆ ಬಂದ ನೀರು

ಇನ್ನು ನಮ್ಮ ಹಳ್ಳಿಗಳ ಕಡೆ ಬರೋಣ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯದೆ ಈ ಭಾಗ ಬರೆಯಲಾಗದು. 1983ರಲ್ಲಿ ಬಂದ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಬೋರ್ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದರು. ನೀರು ಕೊಟ್ಟ ಕೈಯೇ ಅಧಿಕಾರವನ್ನೂ ಕೊಟ್ಟಿತು. 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ಕೊಟ್ಟರು. ಬೋರ್ ಕೆಟ್ಟರೆ ವಿಧಾನಸೌಧದ ಕಡೆ ನೋಡಬೇಡಿ, ನೀವೇ ಆರಿಸಿದವರನ್ನು ಕೇಳಿ ಎಂಬುದು ಅದರ ತಾತ್ಪರ್ಯ. 1988ರಲ್ಲಿ ಅವರು ತೀರಿಕೊಂಡರು.

ಆಮೇಲೆ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಹನ್ನೊಂದನೇ ಅನುಸೂಚಿಯಲ್ಲಿ ಕುಡಿಯುವ ನೀರು ಸೇರಿತು, ಪುರಸಭೆಗಳ ಹನ್ನೆರಡನೇ ಅನುಸೂಚಿಯಲ್ಲಿ ನೀರು ಸರಬರಾಜು ಸೇರಿತು. ಕೈಪಂಪು ಹೋಗಿ ತೊಂಬೆ ಬಂತು, ತೊಂಬೆ ಜೊತೆಗೆ ಓವರ್‌ಹೆಡ್ ಟ್ಯಾಂಕು ಬಂತು. ವಾಲ್ವು ತಿರುಗಿಸುವ ಪಂಚಾಯತಿ ನೌಕರನಿಗೆ ಬಹಳ ಕಡೆ ಇವತ್ತಿಗೂ ನೀರುಗಂಟಿ ಅಂತಲೇ ಹೆಸರು. ಹೆಸರು ಉಳಿಯಿತು, ಕಣದ ಭತ್ತ ಹೋಯಿತು. ಅವನ ಸಂಬಳ ತಿಂಗಳು ತಿಂಗಳು ಬಂದರೆ ನಮ್ಮ ಪುಣ್ಯ.

2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಪ್ರತಿ ಮನೆಗೂ ನಲ್ಲಿ ಮತ್ತು ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಇಟ್ಟಿತು. ಅದರ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ. ಪಂಚಾಯತಿಯ ಕೆಳಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಊರಿನ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು. ಕಾಗದದಲ್ಲಿ ಇದಕ್ಕಿಂತ ಒಳ್ಳೆಯ ಮೇಲ್ವಿಚಾರಣೆ ಬೇಕಿಲ್ಲ. ಆದರೆ ಸಮಿತಿ ಸಭೆ ಸೇರದಿದ್ದರೆ, ಮೇಲಿನ ಜಿಲ್ಲಾ ಪಂಚಾಯತಿಗಳಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ಆದಂತೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದರೆ, ಮತ್ತೆ ಅದೇ ಪ್ರಶ್ನೆ: ಕೇಳುವವರು ಯಾರು?

ನಮ್ಮ ಮನವಿ

ಇಷ್ಟು ಚರಿತ್ರೆಯಿಂದ ನಮಗೆ ಕಂಡದ್ದು ಒಂದು. ನೀರು ತರೋದಕ್ಕೆ ದೊಡ್ಡ ಇಲಾಖೆ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಂದ ನೀರು ನಿಲ್ಲಬೇಕಾದರೆ ಲೆಕ್ಕ ಕೇಳುವವರು ಹತ್ತಿರ ಇರಬೇಕು. ಲೆಕ್ಕ ಕೇಳುವ ವಿದ್ಯೆ ನಮಗೆ ಹೊಸದಲ್ಲ. ಇಪ್ಪತ್ತೈದು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲಿನ ಲೀಟರ್, ಫ್ಯಾಟ್, ಬಟವಾಡೆ ಎಲ್ಲಕ್ಕೂ ಲೆಕ್ಕ ಕೇಳಿ ಕೇಳಿಯೇ ಈ ಸಂಘವನ್ನು ಉಳಿಸಿಕೊಂಡಿದ್ದೇವೆ. ನೂರು ಮಿಲಿ ಹಾಲು ಕಡಿಮೆ ಬರೆದರೆ ಸುಮ್ಮನಿರದ ನಾವು, ವಾರ ನೀರು ಬಾರದಿದ್ದರೂ ‘ಅವರ ಹಣೆಬರಹ ಇಷ್ಟೇ ಬಿಡಿ’ ಅಂದು ಸುಮ್ಮನಾಗುವುದು ಯಾಕೆ?

ಆದ್ದರಿಂದ ಸದಸ್ಯರಲ್ಲಿ ನಮ್ಮ ಮನವಿ ಇಷ್ಟು. ಪಂಚಾಯತಿ ಕಚೇರಿಯಲ್ಲಿ ಒಂದು ನೀರಿನ ಪುಸ್ತಕ ಇರಲಿ. ಟ್ಯಾಂಕು ತೊಳೆದ ದಿನ, ನೀರು ಪರೀಕ್ಷೆ ಮಾಡಿದ ಫಲಿತಾಂಶ, ಮೋಟಾರು ಕೆಟ್ಟು ರಿಪೇರಿಯಾದ ದಿನ, ನೀರಿನ ಕಂದಾಯ ವಸೂಲಾದ ಮೊತ್ತ, ನೀರುಗಂಟಿಗೆ ಸಂಬಳ ಕೊಟ್ಟ ತಾರೀಖು ಇವಿಷ್ಟು ಅದರಲ್ಲಿ ಬರೆಯಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಕಾಲೋನಿಯ ಕೊನೇ ನಲ್ಲಿಗೆ ನೀರು ಬಂತೇ ಎಂದು ಮೊದಲು ಕೇಳಲಿ, ಹಳೇ ಕಾಲದ ತಪ್ಪು ಪೈಪಿನಲ್ಲೂ ಮುಂದುವರಿಯಬಾರದು. ನಾವೂ ನಮ್ಮ ಕಂದಾಯವನ್ನು ಹೊತ್ತಿಗೆ ಸರಿಯಾಗಿ ಕಟ್ಟೋಣ. ದುಡ್ಡು ಕಟ್ಟಿದವನ ಪ್ರಶ್ನೆಗೆ ತೂಕ ಜಾಸ್ತಿ.

ಪಟ್ಟಣ ದಿನೇ ದಿನೇ ನಮ್ಮ ಕಡೆಗೇ ಬೆಳೆದು ಬರುತ್ತಿದೆ. ನಾಳೆ ನಮ್ಮ ಊರೂ ಯಾವುದಾದರೂ ಪುರಸಭೆಗೆ ಸೇರಬಹುದು. ಅಂದು ಹದಿನೇಳು ವರ್ಷ ಕಾಯುವ ಗತಿ ನಮಗೆ ಬರದಿರಬೇಕಾದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಅಭ್ಯಾಸ ಈಗಲೇ ಆಗಬೇಕು. ಸಂಘದ ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರಿಗೆ ನೀರಿನ ಬಗ್ಗೆ ಬರೆಯಲು ದೂರುಗಳಿಲ್ಲದಿರಲಿ, ಆ ಪುಸ್ತಕದ ಲೆಕ್ಕವೇ ಸಾಕಾಗಲಿ ಎಂದು ಹಾರೈಸುತ್ತೇವೆ.