ಗೂಗಲ್ ಖಾತೆಯಿಂದ ಬೇರೆ ತಾಣಕ್ಕೆ ಲಾಗಿನ್: ಪಾಸ್‌ವರ್ಡ್ ಯಾರ ಕೈಗೆ?

ಹೊಸ ಜಾಲತಾಣವೊಂದನ್ನು ತೆರೆದರೆ 'ಗೂಗಲ್ ಮೂಲಕ ಲಾಗಿನ್ ಆಗಿ' ಎಂಬ ಗುಂಡಿ ಕಾಣುತ್ತದೆ. ಒತ್ತಿದರೆ ಸಾಕು, ಬೇರೆ ಪಾಸ್‌ವರ್ಡ್ ಬೇಕಿಲ್ಲ. ಹಾಗಾದರೆ ನಮ್ಮ ಜಿಮೇಲ್ ಪಾಸ್‌ವರ್ಡ್ ಆ ತಾಣದವರಿಗೆ ಸಿಕ್ಕಿಬಿಟ್ಟಿತೇ ಎಂಬುದು ಹಲವರ ಅನುಮಾನ. ಇಲ್ಲ. ಅದು ಸಿಗಬಾರದೆಂದೇ ಈ ವ್ಯವಸ್ಥೆ ಹುಟ್ಟಿದೆ.

ಹಿಂದೆ ಕೆಲವು ತಾಣಗಳು ಗೆಳೆಯರನ್ನು ಹುಡುಕಿಕೊಡುತ್ತೇವೆಂದು ಮೇಲ್ ಪಾಸ್‌ವರ್ಡನ್ನೇ ಕೇಳುತ್ತಿದ್ದವು. ಹಾಲು ಹಾಕುವವನಿಗೆ ಮನೆಯ ಬೀಗದಕೈ ಕೊಟ್ಟ ಹಾಗೆ! ಇದಕ್ಕೆ ಪರಿಹಾರವಾಗಿ 2007ರಲ್ಲಿ 'ಓಆತ್' ಎಂಬ ಕ್ರಮ ಬಂತು. ಅದರ ಎರಡನೇ ಆವೃತ್ತಿ ಬಂದದ್ದು 2012ರಲ್ಲಿ. ಓಆತ್ ಕೊಡುವುದು ಅನುಮತಿಯನ್ನು ಮಾತ್ರ. ಬಂದವರು ಯಾರೆಂದು ತಿಳಿಸಲು 2014ರಲ್ಲಿ 'ಓಪನ್ ಐಡಿ ಕನೆಕ್ಟ್' ಸೇರಿತು.

ತಾಣ ಕಟ್ಟುವವರು ಮೊದಲು ಗೂಗಲ್‌ನಲ್ಲಿ ನೋಂದಾಯಿಸಿ ಒಂದು ಗುರುತು, ಒಂದು ರಹಸ್ಯ ಸಂಕೇತ ಪಡೆಯಬೇಕು. ಬಳಕೆದಾರ ಮರಳಿ ಬರಬೇಕಾದ ವಿಳಾಸವನ್ನೂ ಮುಂಚೆಯೇ ಬರೆಸಬೇಕು. ಗುಂಡಿ ಒತ್ತಿದವರು ಗೂಗಲ್‌ನ ಪುಟಕ್ಕೇ ಹೋಗಿ ಅಲ್ಲಿ ಪಾಸ್‌ವರ್ಡ್ ಕೊಡುತ್ತಾರೆ. ಗೂಗಲ್ ಅಲ್ಪಾಯುಷಿ ಸಂಕೇತವೊಂದರ ಜತೆ ಅವರನ್ನು ವಾಪಸು ಕಳಿಸುತ್ತದೆ. ತಾಣದ ಸರ್ವರ್ ಅದರೊಡನೆ ತನ್ನ ರಹಸ್ಯವನ್ನೂ ಸೇರಿಸಿ ತೋರಿಸಿ ಟೋಕನ್ ಪಡೆಯುತ್ತದೆ. ಆ ರಹಸ್ಯ ಸರ್ವರ್‌ನಲ್ಲೇ ಇರಬೇಕು, ಬ್ರೌಸರ್‌ಗೆ ಹೋಗುವ ಪುಟದಲ್ಲಲ್ಲ.

ತಾಣ ಕಟ್ಟುವವರು ಎಡವುವುದು ಇದರ ನಂತರ. ಮೇಲ್ ವಿಳಾಸವನ್ನೇ ವ್ಯಕ್ತಿಯ ಗುರುತಾಗಿ ಇಟ್ಟುಕೊಳ್ಳುವುದುಂಟು. ಕಚೇರಿ, ಕಾಲೇಜುಗಳ ಮೇಲ್ ವಿಳಾಸ ನಾಳೆ ಇನ್ನೊಬ್ಬರಿಗೆ ಹೋಗಬಹುದು. ಆಗ ಹೊಸಬರು ಹಳಬರ ಖಾತೆಯೊಳಗೆ ನಡೆದುಬಿಡುತ್ತಾರೆ. ಗೂಗಲ್ ಪ್ರತಿ ಖಾತೆಗೂ 'ಸಬ್' ಎಂಬ ಬದಲಾಗದ ಸಂಖ್ಯೆ ಕೊಡುತ್ತದೆ. ದಾಖಲಿಸಬೇಕಾದ್ದು ಅದನ್ನು.

ಬಳಕೆದಾರರಿಗೂ ಅಪಾಯವಿದೆ. 2018ರಲ್ಲಿ ಫೇಸ್‌ಬುಕ್‌ನ ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳು ಕಳವಾದವು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಲ್ಲಿ ಆರಂಭಿಸಿತು. ಖಾತೆ ಹೋದರೆ ಅದರಿಂದ ತೆರೆಯುತ್ತಿದ್ದ ಬಾಗಿಲುಗಳೂ ಮುಚ್ಚುತ್ತವೆ. ಹಾಗಾಗಿ ಮೊಬೈಲ್ ಸಂಖ್ಯೆಯಂಥ ಎರಡನೇ ದಾರಿಯೊಂದನ್ನು ತಾಣದವರು ಇಡಲೇಬೇಕು.

ಹಳ್ಳಿಗಳಲ್ಲಿ ಇನ್ನೊಂದು ತೊಡಕು. ಅರ್ಜಿ ತುಂಬಿಸಲು ಹೋದವರು ಕಂಪ್ಯೂಟರ್ ಅಂಗಡಿಯವರ ಜಿಮೇಲ್‌ನಿಂದಲೇ ಲಾಗಿನ್ ಆದರೆ ಆ ತಾಣದ ಲೆಕ್ಕದಲ್ಲಿ ಖಾತೆದಾರರು ಅಂಗಡಿಯವರೇ. ಮುಂದೆ ಅರ್ಜಿಯ ಸ್ಥಿತಿ ನೋಡಲೂ ಅವರ ಬಳಿಗೇ ಹೋಗಬೇಕು. ನಿಮ್ಮದೇ ಖಾತೆಯಿಂದ ಲಾಗಿನ್ ಮಾಡಿಸಿ, ಕೆಲಸ ಮುಗಿದೊಡನೆ ಗೂಗಲ್‌ನಿಂದಲೂ ಲಾಗೌಟ್ ಆಗಿ. ತಾಣದಿಂದ ಮಾತ್ರ ಹೊರಬಂದರೆ ಅಂಗಡಿಯ ಯಂತ್ರದಲ್ಲಿ ನಿಮ್ಮ ಜಿಮೇಲ್ ತೆರೆದೇ ಇರುತ್ತದೆ.